ಮುಳ್ಳಿಟ್ಟ ಬಾಗಿಲು, ಅರವತ್ತಮೂರು ಹೆಸರು

ಮತದಾರರ ಪಟ್ಟಿಯಿಂದ ಒಂದು ಇಡೀ ಹಟ್ಟಿಯನ್ನು ಒಂದೇ ಮಧ್ಯಾಹ್ನದಲ್ಲಿ ತೆಗೆಸಿದವಳು ನಾನು. ಬೇಕೆಂದು ಮಾಡಿದ್ದಲ್ಲ. ಬಿಸಿಲು ಜೋರಿತ್ತು, ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು, ಮೇಲ್ಕೇರಿಯಲ್ಲಿ ಇನ್ನೂ ಅರ್ಧ ಬೀದಿ ಬಾಕಿ ಇತ್ತು. ಇವೆಲ್ಲ ನೆಪ ಎಂದು ನನಗೂ ಗೊತ್ತು. ಹೊಳಲ್ಕೆರೆಯ ನಮ್ಮಜ್ಜಿ ಮಾತುಮಾತಿಗೆ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನುತ್ತಿದ್ದಳು. ಆಕೆಯ ಬಾಯಿಂದಲೇ ಮಾತು ಕಲಿತವಳು ನಾನು. ಗಾದೆ ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ.

ನಾನು ಹೊಸದುರ್ಗ ತಾಲ್ಲೂಕಿನಲ್ಲಿ, ಹಿರಿಯೂರಿನ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಮಗ್ಗಿ ಕಲಿಸುವುದರ ಜೊತೆಗೆ ಊರಿನ ಮತಗಟ್ಟೆಗೆ ಬಿಎಲ್‌ಓ ಕೂಡ ನಾನೇ. ಮನೆಮನೆಗೆ ಹೋಗಿ ಹದಿನೆಂಟು ತುಂಬಿದವರ ಹೆಸರು ಸೇರಿಸುವುದು, ತೀರಿಕೊಂಡವರ ಮತ್ತು ಊರು ಬಿಟ್ಟವರ ಹೆಸರು ತೆಗೆಯಲು ವರದಿ ಕೊಡುವುದು ಆ ಕೆಲಸ. ಚಿತ್ರದುರ್ಗದ ತರಬೇತಿಯಲ್ಲಿ ನಮಗೆ ಎಲ್ಲ ನಮೂನೆಗಳನ್ನೂ ಬಾಯಿಪಾಠ ಮಾಡಿಸಿದ್ದರು. ಸೇರಿಸಲು ನಮೂನೆ ಆರು, ತೆಗೆಯಲು ಇಲ್ಲವೇ ಆಕ್ಷೇಪಿಸಲು ನಮೂನೆ ಏಳು, ತಿದ್ದಲು ನಮೂನೆ ಎಂಟು. ಬಾಗಿಲನ್ನು ಓದುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಊರಿನ ರಾಜಕೀಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಲ್ಲಿರುವುದು ಮೇಲ್ಕೇರಿ, ಕೆಳಕೇರಿ ಎಂಬ ಎರಡು ಬೀದಿ. ಪಾರ್ಟಿಯೂ ಎರಡೇ, ಮೇಲ್ಪಾರ್ಟಿ ಮತ್ತು ಕೆಳಪಾರ್ಟಿ. ರಾಜ್ಯದ ಪಕ್ಷಗಳು ಬರುತ್ತವೆ ಹೋಗುತ್ತವೆ, ಇವೆರಡು ಮಾತ್ರ ಹಂದಾಡುವುದಿಲ್ಲ. ಮೇಲಿನವರು ಒಂದು ಬಾವುಟ ಇಳಿಸಿ ಇನ್ನೊಂದು ಏರಿಸಿದರೆ, ಕೆಳಗಿನವರು ಇಳಿಸಿದ ಬಾವುಟವನ್ನು ಎತ್ತಿಕೊಂಡು ಹೋಗಿ ತಮ್ಮ ಕಂಬಕ್ಕೆ ಕಟ್ಟುತ್ತಾರೆ. ಯಾವ ಪಕ್ಷ ಯಾವ ತತ್ವಕ್ಕೆ ನಿಂತಿದೆ ಎಂದು ಕೇಳಿದರೆ ಎರಡೂ ಕಡೆಯ ಉತ್ತರ ಒಂದೇ: “ಅವ್ರ ವಿರುದ್ಧ.” ಇಷ್ಟು ದ್ವೇಷವಿದ್ದರೂ ಪಂಚಾಯಿತಿ ಚುನಾವಣೆ ಮಾತ್ರ ನಮ್ಮೂರಲ್ಲಿ ನಡೆಯುತ್ತಲೇ ಇರಲಿಲ್ಲ. ಇಬ್ಬರು ಯಜಮಾನರೂ ಅರಳಿಕಟ್ಟೆಯಲ್ಲಿ ಕೂತು, ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು, ನಿಮಗಿಷ್ಟು ನಮಗಿಷ್ಟು ಎಂದು ಸ್ಥಾನ ಹಂಚಿಕೊಂಡು ಎಲ್ಲರನ್ನೂ ಅವಿರೋಧವಾಗಿ ಆರಿಸಿಬಿಡುತ್ತಿದ್ದರು. ಮಂಡಕ್ಕಿ ಖಾಲಿಯಾಗುವುದರೊಳಗೆ ಪ್ರಜಾಪ್ರಭುತ್ವ ಮುಗಿದಿರುತ್ತಿತ್ತು.

ಊರಾಚೆ ಸರ್ಕಾರ ಹಕ್ಕುಪತ್ರ ಕೊಟ್ಟ ಜಾಗದಲ್ಲಿ ಹದಿನೇಳು ತಗಡಿನ ಮನೆಗಳಿವೆ. ಊರವರು ಅದನ್ನು ಪಿನ್ನಿನ ಹಟ್ಟಿ ಎನ್ನುತ್ತಾರೆ. ಅಲ್ಲಿನವರ ಕಸುಬು ಕೂದಲು ಕೊಳ್ಳುವುದು. ತಲೆ ಬಾಚುವಾಗ ಉದುರಿದ ಕೂದಲನ್ನು ಹೆಂಗಸರು ಸುತ್ತಿ ಗೋಡೆಸಂದಿಗೆ ಸಿಕ್ಕಿಸಿರುತ್ತಾರಲ್ಲ, ಅದನ್ನು ತೂಗಿ ತೆಗೆದುಕೊಂಡು ಬದಲಿಗೆ ಪಿನ್ನು, ಟಿಕ್ಕಿ, ಓಲೆ, ಸ್ಟೀಲು ಲೋಟ ಕೊಡುತ್ತಾರೆ. ಹಿರಿಯೂರು, ಹೊಳಲ್ಕೆರೆ, ದುರ್ಗದ ಸುತ್ತಿನ ಹಳ್ಳಿಗಳೆಲ್ಲ ಇವರ ತಿರುಗಾಟದ ದಾರಿ. ಒಮ್ಮೆ ಹೊರಟರೆ ತಿಂಗಳೂ ಆಗಬಹುದು, ಎರಡು ತಿಂಗಳೂ ಆಗಬಹುದು.

ನಾನು ಪರಿಶೀಲನೆಗೆ ಹೋದ ಆ ಮಧ್ಯಾಹ್ನ ಹದಿನೇಳು ಬಾಗಿಲಿಗೂ ಜಾಲಿಮುಳ್ಳಿನ ಕೊಂಬೆ ಅಡ್ಡ ಇಟ್ಟಿತ್ತು. ಒಂದು ಕೋಳಿಯೂ ಇರಲಿಲ್ಲ. ಮುಳ್ಳು ಬೆಳೆದು ಹಾಳುಬಿದ್ದ ಊರು ಎಂದೇ ನನ್ನ ಕಣ್ಣಿಗೆ ಕಂಡಿತು. ಪಟ್ಟಿಯಲ್ಲಿದ್ದ ಹಟ್ಟಿಯ ಮೂವತ್ತೊಂದು ಹೆಸರಿನ ಎದುರಿಗೆ ಬರೆದೆ: ‘ಮನೆಗಳು ಖಾಲಿ. ಬಾಗಿಲಿಗೆ ಮುಳ್ಳು ಹಾಕಲಾಗಿದೆ. ಶಾಶ್ವತವಾಗಿ ಸ್ಥಳಾಂತರ.’ ನಿಯಮದಂತೆ ಬಾಗಿಲುಗಳಿಗೆ ನೋಟಿಸನ್ನೂ ಅಂಟಿಸಿದೆ. ಮೈದಾ ಅಂಟಿನ ರುಚಿಗೆ ಊರ ಮೇಕೆಗಳು ಆ ನೋಟಿಸುಗಳನ್ನು ಮೇದವಂತೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಗಡುವಿನೊಳಗೆ ಯಾರೂ ಬರಲಿಲ್ಲ, ಮೂವತ್ತೊಂದು ಹೆಸರೂ ಹೋದವು.

ತಪ್ಪು ಎದುರಿಗೆ ಬಂದು ನಿಂತದ್ದು ಮುಂದಿನ ಚುನಾವಣೆಯ ಮತದಾನದ ದಿನ. ನಾನು ಮತಗಟ್ಟೆಯ ಹೊರಗೆ ಪಟ್ಟಿ ಹಿಡಿದು ಕೂತಿದ್ದೆ. ಬೆಳಗ್ಗೆ ಒಂದು ಲಗೇಜು ಟೆಂಪೋ ಬಂದು ನಿಂತಿತು. ಹಟ್ಟಿಯ ಜನ ಗರಿಗರಿ ಸೀರೆ, ಇಸ್ತ್ರಿ ಶರಟು ಹಾಕಿಕೊಂಡು ಮದುವೆಗೆ ಇಳಿದಂತೆ ಇಳಿದರು. ಮುಂದೆ ಹಟ್ಟಿಯ ಹಿರೀಕಳು, ಎಲ್ಲರೂ ಅಜ್ಜಿ ಎನ್ನುವ ಮುದುಕಿ. ಹಿಂದೆ ಅವಳ ಸೊಸೆ. ನಮ್ಮ ಶಾಲೆಯ ಹಿಂಬಾಗಿಲಿಗೂ ಪಿನ್ನಿನ ಬುಟ್ಟಿ ತರುತ್ತಿದ್ದವಳು ಆ ಸೊಸೆಯೇ.

“ಬಂದ್ವಿ ನೋಡು ಟೀಚರಮ್ಮಾ. ಹಿರಿಯೂರಿಂದ ಬಂದೀವಿ, ಓಟು ಹಾಕಿ ಮಧ್ಯಾಹ್ನಕ್ಕೆ ವಾಪಸ್ಸು ಹೋಗ್ಬೇಕು” ಎಂದು ಅಜ್ಜಿ ಕಾರ್ಡು ಚಾಚಿದಳು.

ನಾನು ಪಟ್ಟಿ ತಿರುವಿದೆ. ಮತ್ತೆ ತಿರುವಿದೆ. ಕಾರ್ಡಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ.

“ಅಜ್ಜಿ, ನೀವು ಊರು ಬಿಟ್ಟು ಹೋಗಿದ್ರಲ್ಲ?”

“ಯಾವ ಬಾಯಿ ಅಂದಿದ್ದು ಅದು?”

“ಬಾಗ್ಲಿಗೆಲ್ಲ ಮುಳ್ಳಿತ್ತಲ್ಲ ಅಜ್ಜಿ…”

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. “ಕೇಳ್ರಲೇ ಇವ್ಳ ಮಾತ! ಮುಳ್ಳು ಇಕ್ಕಿದ್ರೆ ಬರ್ತೀವಿ ಅಂತ ಕಣಮ್ಮಾ! ಬಿಟ್ಟೋಗೋ ಮನೆಗೆ ಯಾರು ಮುಳ್ಳು ಇಕ್ತಾರೆ? ಬಿಟ್ಟೋಗಂಗಿದ್ರೆ ಬಾಗ್ಲು ತೆಗೆದಿಟ್ಟು ಹೋಗ್ತೀವಿ, ನಾಯಾದ್ರೂ ಮಲಗ್ಲಿ ಅಂತ.”

ಸಾಲಿನಲ್ಲಿದ್ದ ಹಟ್ಟಿಯವರೆಲ್ಲ ನಕ್ಕರು. ಸೊಸೆ ಮಾತ್ರ ನಗಲಿಲ್ಲ. “ನಾನು ಇದೇ ಮೊದ್ಲು ಟೀಚರಮ್ಮ, ಓಟು ಹಾಕೋದು. ಸೀರೆ ಹೊಸಾದು ತಗಂಡಿದ್ದೆ” ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬಂದ ಟೆಂಪೋದಲ್ಲೇ ತಿರುಗಿ ಹೋದರು. ಅಷ್ಟು ಜನರಲ್ಲಿ ಒಬ್ಬರ ಬೆರಳಿಗೂ ಮಸಿ ಇರಲಿಲ್ಲ.

ಅದೇ ವರ್ಷ ಪಟ್ಟಿಯ ಪರಿಷ್ಕರಣೆ ಶುರುವಾಯಿತು. ಮೊದಲ ದಿನವೇ ಒಂದು ಕಟ್ಟು ನಮೂನೆ ಆರು ಹಿಡಿದು ಹಟ್ಟಿಗೆ ಹೋದೆ. ಅಜ್ಜಿ ಮನೆಯಲ್ಲೇ ಇದ್ದಳು. ಆಧಾರು, ರೇಷನ್ ಕಾರ್ಡು, ಹಕ್ಕುಪತ್ರ ತೋರಿಸಿ ಎಂದೆ.

“ಪೆಟ್ಟಿಗೇಲಿ ಅವೆ” ಎಂದು ಮೂಲೆಯ ಹಸಿರು ಟ್ರಂಕು ತೋರಿಸಿದಳು.

“ತೆಗೀರಿ ಮತ್ತೆ.”

“ಹಂಗೆಲ್ಲ ತೆಗ್ಯಾಕಾಗಲ್ಲ.”

ಹಿಂದೆ ಗುಡಾರಗಳಲ್ಲಿದ್ದಾಗ ಒಂದು ಗುಡಾರಕ್ಕೆ ಬೆಂಕಿ ಬಿದ್ದು ಒಂದು ಮನೆಯ ಕಾಗದವೆಲ್ಲ ಸುಟ್ಟಿತ್ತಂತೆ. ಅವತ್ತಿನಿಂದ ಹದಿನೇಳು ಮನೆಯ ಕಾಗದವೂ ಒಂದೇ ಟ್ರಂಕಿನಲ್ಲಿ, ಹಿರೀಕಳ ಸುಪರ್ದಿನಲ್ಲಿ. ಹದಿನೇಳು ಮನೆಯ ಹಿರಿಯರೂ ಎದುರಿಗೆ ಇದ್ದರೆ ಮಾತ್ರ ಬೀಗ ತೆಗೆಯಬೇಕು. ಒಬ್ಬರು ಕಡಿಮೆಯಾದರೂ ಇಲ್ಲ. ನಾನು ಸರ್ಕಾರ ಅಂದೆ, ಗಡುವು ಅಂದೆ, ಅಜ್ಜಿ ಕಾಲಿಗೆ ಬೀಳುವುದೊಂದು ಬಾಕಿ.

“ಮೂರು ಜನ ಹಿರಿಯೂರಲ್ಲಿ ಅವ್ರೆ. ಕರ್ಕಂಡು ಬಾ, ತೆಗೀತೀನಿ” ಅಂದಳು. ಅಳಿಸಿದವಳೇ ನೀನು, ಓಡಾಡು ಎಂಬುದು ಆ ಕಣ್ಣಲ್ಲಿತ್ತು.

ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಹಿರಿಯೂರಿಗೆ ಹೋದೆ. ತೆಂಗಿನಕಾಯಿ ಮಂಡಿಯ ಹಿಂದಿನ ಬಯಲಿನಲ್ಲಿ ಆ ಮೂವರೂ ಹುಣಸೆಮರದ ಕೆಳಗೆ ಕೂತು ಕೂದಲು ಬಿಡಿಸುತ್ತಿದ್ದರು. ಸಿಕ್ಕು ಬಿಡಿಸಿ ಉದ್ದ ಗಿಡ್ಡ ಬೇರೆ ಮಾಡುವ ಆ ಬೆರಳುಗಳ ಚುರುಕು ನೋಡಿದರೆ, ನಮ್ಮ ಪಟ್ಟಿಯನ್ನೂ ಇವರ ಕೈಗೇ ಕೊಡಬೇಕಿತ್ತು ಅನ್ನಿಸಿತು. ವಿಷಯ ಹೇಳಿದೆ.

“ನಾಳೆ ಕೂದ್ಲು ತೂಕಕ್ಕೆ ಹಾಕೋದೈತಲ್ಲ ಟೀಚರಮ್ಮ, ಎರಡು ದಿನ ಬಿಟ್ಟು ಬರ್ತೀವಿ.”

“ಎರಡು ದಿನ ಬಿಟ್ರೆ ಗಡುವು ಹತ್ರ ಬರ್ತೈತಪ್ಪ. ನನ್ನ ತಪ್ಪಿಗೆ ನಾನು ಬಸ್ಸು ಹತ್ತಿ ಬಂದೀನಿ. ನಿಮ್ಮ ಓಟಿಗೆ ನೀವು ಬರಲ್ವಾ? ನಡೀರಿ, ಹೋಗಾಣ.”

ಅವರಲ್ಲಿ ಹಿರಿಯನೊಬ್ಬ ನನ್ನ ತಲೆಯನ್ನೇ ನೋಡುತ್ತ, “ಬಿಸ್ಲಲ್ಲಿ ಹಿಂಗೇ ಓಡಾಡ್ರಿ ಟೀಚರಮ್ಮ. ಕೂದ್ಲು ಉದುರಿ ಕಡೀಗೆ ನಮ್ಮ ತಕ್ಕಡಿಗೇ ಬರ್ತೈತೆ” ಅಂದ. ನಗುತ್ತಲೇ ಮೂವರೂ ಎದ್ದರು. ಬಸ್ಸಿನಲ್ಲಿ ನನ್ನ ಟಿಕೆಟ್ಟನ್ನು ಅವರೇ ತೆಗೆಸಿದರು. ಬೇಡ ಅಂದಿದ್ದಕ್ಕೆ, “ಮನೆಗೆ ಕರೆಯಾಕೆ ಬಂದೋರ ಹತ್ರ ದುಡ್ಡು ಕೊಡಿಸ್ತಾರೇನ್ರಿ?” ಎಂದರು.

ಸಂಜೆ ಹದಿನೇಳು ಹಿರಿಯರ ಮುಂದೆ ಟ್ರಂಕಿನ ಬೀಗ ತೆಗೆಯಿತು. ಬಟ್ಟೆಯಲ್ಲಿ ಸುತ್ತಿದ ಹದಿನೇಳು ಗಂಟು. ಪ್ರತಿಯೊಂದರ ಗುರುತೂ ಬೇರೆ: ಒಂದಕ್ಕೆ ಕೆಂಪು ರಿಬ್ಬನ್ನು, ಒಂದಕ್ಕೆ ಹಳದಿ ಬಳೆಚೂರು, ಒಂದಕ್ಕೆ ಬಾಚಣಿಗೆಯ ಹಲ್ಲು. ಅಜ್ಜಿ ಒಂದಕ್ಷರ ಓದಲು ಬಾರದವಳು, ಒಂದು ಗಂಟನ್ನೂ ತಪ್ಪಾಗಿ ಎತ್ತಲಿಲ್ಲ. ಆಧಾರುಗಳನ್ನು ನೋಡಿದರೆ ಅರ್ಧ ಹಟ್ಟಿ ಜನವರಿ ಒಂದಕ್ಕೇ ಹುಟ್ಟಿತ್ತು. “ಅವತ್ತು ಸೂಲಗಿತ್ತಿಗೆ ಭಾಳ ಕೆಲ್ಸ ಇತ್ತು ಅನ್ಸುತ್ತೆ” ಅಂದೆ. ಅಜ್ಜಿ, “ಬರೆದೋನಿಗೆ ಕೆಲ್ಸ ಕಮ್ಮಿ ಇತ್ತು” ಅಂದಳು.

ಹೀಗೆ ಒಂದೊಂದೇ ಗಂಟು ಬಿಚ್ಚುತ್ತ ಹೋದ ಹಾಗೆ ನನಗೆ ಇನ್ನೊಂದು ಸಂಗತಿ ತಿಳಿಯಿತು. ನಾನು ಅಳಿಸಿದ್ದು ಮೂವತ್ತೊಂದು, ಆದರೆ ಹದಿನೆಂಟು ದಾಟಿದವರು ಅರವತ್ತಮೂರು ಜನ ಇದ್ದರು. ಉಳಿದ ಮೂವತ್ತೆರಡು ಜನರನ್ನು ಯಾರೂ ಯಾವತ್ತೂ ಸೇರಿಸಿಯೇ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಸೊಸೆಯಂದಿರು. ನಾಲ್ಕು ದಿನ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಅರವತ್ತಮೂರು ಅರ್ಜಿ ತುಂಬಿದೆ. ಫೋಟೋಗೆ ಹಿನ್ನೆಲೆ ಬಿಳಿ ಇರಬೇಕಲ್ಲ, ಒಂದು ಬಿಳಿ ಪಂಚೆಯನ್ನು ತಗಡಿಗೆ ಕಟ್ಟಿದೆವು. ಹಟ್ಟಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಅದು ಸಿಗುವುದು ಗಾಳಿಯಂತ್ರದ ಗುಡ್ಡದ ಮೇಲೆ. ಸೊಸೆ ನನ್ನ ಜೊತೆ ಗುಡ್ಡ ಹತ್ತಿ, ಒಂದೊಂದು ಅರ್ಜಿ ಹೋದಾಗಲೂ ಕಲ್ಲಿನ ಮೇಲೆ ಒಂದೊಂದು ಪಿನ್ನು ಇಡುತ್ತಿದ್ದಳು. ಅರವತ್ತಮೂರು ಪಿನ್ನು ಆದ ಮೇಲೆ, “ಈಗ ನಾವು ಅದೀವಾ ಟೀಚರಮ್ಮ?” ಎಂದು ಕೇಳಿದಳು.

“ಅರ್ಜಿ ಹೋಗೈತಷ್ಟೇ ಕಣಮ್ಮ. ಇನ್ನೂ ಆಕ್ಷೇಪಣೆ ಬರಬಹುದು.”

“ನಮ್ಮ ಮ್ಯಾಲೆ ಯಾರು ಆಕ್ಷೇಪಣೆ ಮಾಡ್ತಾರೆ? ನಾವು ಯಾರ ತಂಟೆಗೂ ಹೋಗಲ್ಲ.”

ನಾನೂ ಹಾಗೇ ಅಂದುಕೊಂಡಿದ್ದೆ. ಬಂದಿದ್ದ ಅರ್ಜಿಗಳ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದ ಮಾರನೇ ದಿನ, ನಾನು ಹದಿನಾಲ್ಕು ವರ್ಷದಲ್ಲಿ ಕಾಣದ್ದನ್ನು ಕಂಡೆ. ಮೇಲ್ಕೇರಿಯ ಯಜಮಾನರೂ ಕೆಳಕೇರಿಯ ಯಜಮಾನರೂ ಒಟ್ಟಿಗೆ ನಡೆದುಕೊಂಡು ಶಾಲೆಯ ಗೇಟಿನೊಳಗೆ ಬಂದರು. ಮಂಡಕ್ಕಿಯ ಕಟ್ಟೆ ಬಿಟ್ಟರೆ ಇವರಿಬ್ಬರೂ ಒಂದು ಮದುವೆಯ ಒಂದೇ ಪಂಕ್ತಿಯಲ್ಲೂ ಉಂಡವರಲ್ಲ.

“ನಮೂನೆ ಏಳು ಕೊಡ್ರಿ ಟೀಚರಮ್ಮ. ಅರವತ್ತಮೂರು ಬೇಕು” ಎಂದರು ಮೇಲಿನವರು.

“ಇದೇನ್ ಯಜಮಾನ್ರೇ, ಇಬ್ರೂ ಜೊತೇಲಿ?”

“ಊರಿನ ಪ್ರಶ್ನೆ ಬಂದಾಗ ಪಾರ್ಟಿ ಬರಬಾರ್ದು” ಎಂದರು ಕೆಳಗಿನವರು, ಬಹಳ ಗಂಭೀರವಾಗಿ.

ಲೆಕ್ಕ ನನಗೂ ಅರ್ಥವಾಯಿತು. ಪಂಚಾಯಿತಿಯ ಮತದಾರರ ಪಟ್ಟಿಯೂ ಇದೇ ಪಟ್ಟಿಯಿಂದಲೇ ಆಗುವುದು. ಮೇಲ್ಕೇರಿಗೂ ಕೆಳಕೇರಿಗೂ ಇರುವ ವ್ಯತ್ಯಾಸ ಹತ್ತೋ ಹದಿನೈದೋ ಓಟು. ಅದಕ್ಕೇ ಮಂಡಕ್ಕಿ ಒಪ್ಪಂದ ಅಷ್ಟು ವರ್ಷ ನಡೆದಿತ್ತು. ನಡುವೆ ಅರವತ್ತಮೂರು ಬಂದು ಕೂತರೆ ಹಂಚಿಕೊಳ್ಳುವ ಕಟ್ಟೆಯೇ ಅಲುಗುತ್ತದೆ. ನಾನು ನಮೂನೆ ಕೊಡಬೇಕಾದ್ದು ನಿಯಮ, ಕೊಟ್ಟೆ. ಇಬ್ಬರೂ ಎರಡನೇ ಕ್ಲಾಸಿನ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಿಸಿಕೊಂಡು ಕೂತು, ಇದ್ದ ಒಂದೇ ಪೆನ್ನನ್ನು ಆ ಕೈಯಿಂದ ಈ ಕೈಗೆ ಕೊಟ್ಟುಕೊಳ್ಳುತ್ತ ತುಂಬಿದರು. ಕಾರಣದ ಜಾಗದಲ್ಲಿ ಅರವತ್ತಮೂರರಲ್ಲೂ ಒಂದೇ ವಾಕ್ಯ: ‘ಸದರಿಯವರು ಇಲ್ಲಿ ವಾಸವಿಲ್ಲ.’

ಹೋಗುವಾಗ ಮೇಲಿನ ಯಜಮಾನರು ಹಿಂದೆ ಉಳಿದು ಮೆತ್ತಗೆ ಹೇಳಿದರು: “ಟೀಚರಮ್ಮ, ಹೋದ್ಸಾರಿ ನೀವು ಕೊಟ್ಟ ವರದಿ ನಕಲು ನಮ್ಮತ್ರ ಐತೆ. ‘ಶಾಶ್ವತವಾಗಿ ಸ್ಥಳಾಂತರ’ ಅಂತ ನಿಮ್ಮ ಕೈಯಾರೆ ಬರೆದೀರಿ. ವಿಚಾರಣೆ ದಿನ ನೀವು ಸುಮ್ನೆ ಕುಂತ್ರೆ ಸಾಕು, ಅದೇ ಮಾತಾಡ್ತೈತೆ. ತಪ್ಪು ಬರೆದಿದ್ದೆ ಅಂತೇನಾದ್ರೂ ಅಂದ್ರೆ ನೋಟಿಸು ನಿಮ್ಗೇ ಬರೋದು. ಇನ್ನು ನಾಕು ವರ್ಷಕ್ಕೆ ರಿಟೈರಾಗೋರು, ಯಾಕೆ ಬೇಕು?”

ಬೆದರಿಕೆಯಂತೆ ಹೇಳಲಿಲ್ಲ, ನಿಜಕ್ಕೂ ನನ್ನ ಹಿತಕ್ಕೇ ಹೇಳಿದರು. ಅದೇ ಕಷ್ಟವಾಗಿದ್ದು.

ವಿಚಾರಣೆ ಹೊಸದುರ್ಗದಲ್ಲಿ, ತಹಶೀಲ್ದಾರರ ಮುಂದೆ. ಬೆಳಗಿನ ಬಸ್ಸಿನಲ್ಲಿ ನಾನು, ಅಜ್ಜಿ, ಸೊಸೆ. ಅಜ್ಜಿಯ ತೊಡೆಯ ಮೇಲೆ ಆ ಹಸಿರು ಟ್ರಂಕು. ಅದು ಹಟ್ಟಿ ಬಿಟ್ಟು ಹೊರಬಂದದ್ದು ಅದೇ ಮೊದಲು. ಹದಿನೇಳು ಮನೆಯವರೂ ಒಪ್ಪಿದ ಮೇಲೆ ತಂದಿದ್ದಳು. ಬಸ್ಸು ಹೊಂಡಕ್ಕಿಳಿದಾಗಲೆಲ್ಲ ಎರಡೂ ಕೈಯಲ್ಲಿ ಅದನ್ನು ಅಪ್ಪಿಕೊಳ್ಳುತ್ತಿದ್ದಳು. ನನ್ನ ಚೀಲದಲ್ಲಿ ಎರಡು ಕಾಗದ ಇದ್ದವು. ಒಂದು, ಈ ಸಲದ ಪರಿಶೀಲನಾ ವರದಿ. ಇನ್ನೊಂದು ಹಿಂದಿನ ದಿನ ಬರೆದು, ಸಹಿ ಹಾಕದೆ ಮಡಿಸಿಟ್ಟದ್ದು. ಕೊಡಬೇಕೋ ಬೇಡವೋ ಎಂದು ದಾರಿಯುದ್ದ ತೂಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಸೊಸೆಯ ಸೀರೆ ಕಣ್ಣಿಗೆ ಬಿತ್ತು. ಮತದಾನದ ದಿನ ಉಟ್ಟು ಬಂದಿದ್ದ ಅದೇ ಹೊಸ ಸೀರೆ. ಅಲ್ಲೇ ಹೂವಿನಂಗಡಿಯ ಹಲಗೆಯ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ.

ತಹಶೀಲ್ದಾರರು ಕಡಿಮೆ ಮಾತಿನವರು. ಆಕ್ಷೇಪಣೆ ಓದಿಸಿದರು. ಮೇಲಿನ ಯಜಮಾನರು ನನ್ನ ಹಳೆಯ ವರದಿಯ ನಕಲು ಮುಂದಿಟ್ಟರು. “ಸ್ವಾಮಿ, ಇದು ನಾವು ಹೇಳೋದಲ್ಲ, ಟೀಚರಮ್ಮನೇ ಹೇಳಿರೋದು. ವರ್ಷದಾಗೆ ಆರು ತಿಂಗ್ಳು ಇವ್ರು ಊರಲ್ಲೇ ಇರಲ್ಲ.”

“ಏನಮ್ಮ?” ಎಂದು ತಹಶೀಲ್ದಾರರು ನನ್ನ ಕಡೆ ತಿರುಗಿದರು.

ನಾನು ಎದ್ದು ಆ ಎರಡನೇ ಕಾಗದ ಕೊಟ್ಟೆ. “ಆ ವರದಿ ತಪ್ಪು ಸಾರ್. ಬರೆದೋಳು ನಾನೇ. ಅಕ್ಕಪಕ್ಕ ವಿಚಾರಿಸಲಿಲ್ಲ, ಎರಡನೇ ಸಲ ಹೋಗಲಿಲ್ಲ, ಮುಳ್ಳು ನೋಡಿ ಖಾಲಿ ಅಂತ ಬರೆದುಬಿಟ್ಟೆ. ಇವರ ಹಟ್ಟೀಲಿ ತಿರುಗಿ ಬರೋ ಮನೆಗೆ ಮಾತ್ರ ಮುಳ್ಳು ಇಡ್ತಾರೆ. ಲಿಖಿತವಾಗಿ ಕೊಟ್ಟಿದೀನಿ.”

ತಹಶೀಲ್ದಾರರು ಎರಡು ಸಲ ಓದಿದರು. ಆಮೇಲೆ ಕೆಳಗಿನ ಯಜಮಾನರನ್ನು ಕೇಳಿದರು: “ನಿಮಗೆ ಜಮೀನೈತಾ?”

“ಐತೆ ಸ್ವಾಮಿ. ನಾಕೆಕರೆ.”

“ಬೇಲಿ?”

“ಮುಳ್ಳುಬೇಲಿ ಹಾಕೀನಿ.”

“ಯಾಕೆ?”

“ದನ ನುಗ್ಗಬಾರ್ದಲ್ಲ ಸ್ವಾಮಿ! ಬಿತ್ತಿದ ಹೊಲ.”

“ಬೀಳುಬಿಟ್ಟ ಹೊಲಕ್ಕೂ ಹಾಕ್ತೀರಾ?”

“ಬೀಳಿಗೆ ಯಾವ ಹುಚ್ಚ ಬೇಲಿ…” ಎಂದವರು ಅರ್ಧಕ್ಕೇ ನಿಲ್ಲಿಸಿ ಮೇಲಿನವರ ಮುಖ ನೋಡಿದರು. ಮೇಲಿನವರು ಸೂರು ನೋಡುತ್ತಿದ್ದರು. ಅಜ್ಜಿ ಟ್ರಂಕಿನ ಮೇಲೆ ಗಲ್ಲ ಊರಿ ಕಿಸಕ್ಕನೆ ನಕ್ಕಳು.

ಕಸುಬಿಗಾಗಿ ಸ್ವಲ್ಪ ಕಾಲ ಹೊರಗಿದ್ದ ಮಾತ್ರಕ್ಕೆ ಊರಿನ ವಾಸ ತಪ್ಪುವುದಿಲ್ಲ ಎಂದು ಕಾನೂನಿನಲ್ಲೇ ಇದೆ. ತಹಶೀಲ್ದಾರರು ಅದನ್ನು ಓದಿ ಹೇಳಿ, ಟ್ರಂಕಿನ ಒಂದೊಂದು ಗಂಟನ್ನೂ ಬಿಚ್ಚಿಸಿ ನೋಡಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಅರವತ್ತಮೂರು ಆಕ್ಷೇಪಣೆಯೂ ತಿರಸ್ಕಾರವಾದವು. ನನಗೆ ಕಾರಣ ಕೇಳುವ ನೋಟಿಸು ಬಂದೇ ಬಂತು. ಉತ್ತರ ಕೊಟ್ಟೆ, ‘ಮುಂದೆ ಎಚ್ಚರಿಕೆಯಿಂದಿರತಕ್ಕದ್ದು’ ಎಂಬ ಒಂದು ಸಾಲು ನನ್ನ ಸೇವಾ ಪುಸ್ತಕದಲ್ಲಿ ಕೂತಿತು. ಇರಲಿ. ಅದೂ ಒಂದು ಗಾದೆಯೇ.

ಮುಂದಿನದು ಪಂಚಾಯಿತಿ ಚುನಾವಣೆ. ಇಲ್ಲಿಂದ ನನ್ನ ಪಾತ್ರ ಪಟ್ಟಿ ಹಿಡಿದು ಸುಮ್ಮನಿರುವುದು. ಬಾಯಿಗೆ ನಾನೇ ಮುಳ್ಳು ಇಟ್ಟುಕೊಂಡೆ. ಕಣ್ಣಿಗೆ ಇಟ್ಟುಕೊಳ್ಳಲಿಲ್ಲ.

ಮೊದಲ ಬದಲಾವಣೆ, ಮಂಡಕ್ಕಿ ಕಟ್ಟೆ ಖಾಲಿಯಾಯಿತು. ಅರವತ್ತಮೂರು ಓಟು ಯಾರ ಕಡೆ ಹೋದರೆ ಅವರಿಗೆ ಎಲ್ಲ ಸ್ಥಾನವೂ ಸಿಗುವಂತಿರುವಾಗ ಯಾರು ಹಂಚಿಕೊಳ್ಳುತ್ತಾರೆ? ಮೇಲ್ಪಾರ್ಟಿಯವರು ಹಟ್ಟಿಯಲ್ಲಿ ಒಂದು ನಲ್ಲಿ ನೆಟ್ಟರು. ಎರಡು ದಿನದಲ್ಲಿ ಕೆಳಪಾರ್ಟಿಯವರು ಅದರ ಪಕ್ಕದಲ್ಲೇ ಇನ್ನೊಂದು ನೆಟ್ಟರು. ಎರಡರಲ್ಲೂ ನೀರಿಲ್ಲ. ಮಕ್ಕಳು ಅವುಗಳ ಮಧ್ಯೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರು. ಇಬ್ಬರು ಯಜಮಾನರೂ ಬೇರೆಬೇರೆ ಹೊತ್ತಿನಲ್ಲಿ ಅಜ್ಜಿಯ ಬಳಿ ಬಂದು, ಹಾಲುರಾಮೇಶ್ವರನ ಮೇಲೆ ಆಣೆ ಇಟ್ಟು, ಆಕ್ಷೇಪಣೆಯ ವಿಚಾರ ತಮ್ಮದಲ್ಲ, ಆ ಇನ್ನೊಬ್ಬರದು ಎಂದರು. ಅಜ್ಜಿ ಇಬ್ಬರನ್ನೂ ಒಂದೇ ಕೇಳಿದಳಂತೆ: “ಆ ಪೆನ್ನು ಯಾರತ್ರ ಐತೆ ಈಗ?”

ಆದರೆ ದೊಡ್ಡ ಬದಲಾವಣೆ ನಡೆದದ್ದು ಹಿತ್ತಲುಗಳಲ್ಲಿ. ಆ ಊರಿನಲ್ಲಿ ಎರಡೂ ಬೀದಿಯ ಹಿಂಬಾಗಿಲಿಗೆ ಹೋಗುವವರು ಯಾರಾದರೂ ಇದ್ದರೆ ಅವರು ಪಿನ್ನಿನವರು ಮಾತ್ರ. ಕೂದಲು ತೂಗುವಷ್ಟು ಹೊತ್ತು ಹೆಂಗಸರು ಮಾತಾಡುತ್ತಾರೆ. ಅಂಗನವಾಡಿಯ ಸೂರು ಸೋರುವುದು, ಶೌಚಾಲಯದ ಬಾಗಿಲು ಮುರಿದಿರುವುದು, ಎರಡೂ ಬೀದಿಯಲ್ಲಿ ಒಂದೇ ದೂರು. ಅದು ಒಂದೇ ಎಂದು ಗೊತ್ತಿದ್ದದ್ದು ಬುಟ್ಟಿ ಹೊತ್ತವಳಿಗೆ ಮಾತ್ರ. ನಮ್ಮ ವಾರ್ಡಿನ ಒಂದು ಸ್ಥಾನ ಆ ಸಲ ಮಹಿಳೆಗೆ ಮೀಸಲಾಗಿತ್ತು. ಒಂದು ದಿನ ಸೊಸೆ ಶಾಲೆಯ ಹಿಂಬಾಗಿಲಿಗೆ ಬಂದು, “ನಿಂತ್ಕ ಅಂತ ಎಲ್ರೂ ಅಂತಾವ್ರೆ ಟೀಚರಮ್ಮ…” ಎಂದು ಬಾಯಿ ತೆರೆದಳು.

“ನನಗೆ ಹೇಳ್ಬೇಡ ತಾಯಿ. ನಾನು ಪಟ್ಟಿಯೋಳು. ಪಿನ್ನು ಕೊಟ್ಟು ಹೋಗು.”

ಅವಳು ನಾಮಪತ್ರ ಹಾಕಿದ ದಿನ ಊರಿಗೇ ಸಿಡಿಲು ಬಡಿಯಿತು. ನಾಮಪತ್ರಕ್ಕೆ ವಾರ್ಡಿನ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕಲ್ಲ, ಹಾಕಿದ್ದವಳು ಕೆಳಕೇರಿ ಯಜಮಾನರ ಸ್ವಂತ ಸೊಸೆ! ಮಾವ ಅಂಗಳದಲ್ಲಿ ಕೂಗಾಡಿದರೆ, ಒಳಗಿನಿಂದ ಅವಳು, “ಊರಿನ ಪ್ರಶ್ನೆ ಬಂದಾಗ ಪಾರ್ಟಿ ಬರಬಾರ್ದು ಅಂತ ನೀವೇ ಅಂದಿದ್ರಲ್ಲ ಮಾವ” ಅಂದಳಂತೆ. ಗುರುತಿಗೆ ನಮ್ಮ ಅಭ್ಯರ್ಥಿ ಬಾಚಣಿಗೆ ಕೇಳಿದ್ದಳು, ಸಿಕ್ಕಿದ್ದು ಕುಕ್ಕರು. “ಅದೂ ನಮ್ಮ ಬುಟ್ಟಿ ಮಾಲೇ” ಎಂದು ಸಮಾಧಾನ ಮಾಡಿಕೊಂಡಳು. ನೋಡಿದಿರಾ, ‘ನಮ್ಮ ಅಭ್ಯರ್ಥಿ’ ಎಂದುಬಿಟ್ಟೆ. ಚುನಾವಣೆ ಮುಗಿದಿದೆ, ಈಗ ಅನ್ನಬಹುದು.

ಮತದಾನದ ದಿನ ಸಾಲಿನಲ್ಲಿ ಮೊದಲು ನಿಂತದ್ದು ಅಜ್ಜಿ. ಅರವತ್ತಮೂರರಲ್ಲಿ ಅರವತ್ತೊಂದು ಜನ ಬಂದರು. ಒಬ್ಬಳಿಗೆ ಹಿರಿಯೂರಿನಲ್ಲಿ ಹೆರಿಗೆಯಾಗಿತ್ತು, ಗಂಡ ಅವಳ ಬಳಿ ಇದ್ದ. ಅಜ್ಜಿ ಹೊರಗೆ ಬಂದು ಮಸಿಯ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದು, “ಇದನ್ನ ಯಾವ ಮೇಕೆ ಮೇಯ್ತೈತೆ ನೋಡಾಣ” ಅಂದಳು.

“ಅಜ್ಜಿ, ಹಟ್ಟಿಯೋರೆಲ್ಲ ಒಟ್ಟಿಗೆ ತೀರ್ಮಾನ ಮಾಡಿದ್ರಾ, ಟ್ರಂಕಿನ ಹಂಗೆ?” ಎಂದೆ ಮೆಲ್ಲಗೆ.

“ಇಲ್ಲಮ್ಮ. ಪೆಟ್ಟಿಗೆ ಒಂದೇ ಆದ್ರೂ ಗಂಟು ಬ್ಯಾರೆ ಬ್ಯಾರೆ ಐತಲ್ಲ.”

ಸೊಸೆ ಹತ್ತೊಂಬತ್ತು ಓಟಿನಿಂದ ಗೆದ್ದಳು. ಹಟ್ಟಿಯ ಓಟಷ್ಟೇ ಆಗಿದ್ದರೆ ಠೇವಣಿಗೂ ಸಾಲುತ್ತಿರಲಿಲ್ಲವೇನೋ, ಉಳಿದವು ಎರಡೂ ಬೀದಿಯ ಹಿಂಬಾಗಿಲಿನಿಂದ ಬಂದಿದ್ದವು. ಮತದಾರರು ಹೆಚ್ಚಾದರೆ ಇರುವ ಪಾರ್ಟಿಗಳಿಗೆ ಓಟು ಹೆಚ್ಚುತ್ತದೆ, ಅಷ್ಟೇ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಪಾರ್ಟಿಗಳೇ ಬೇರೆಯಾಗುತ್ತವೆ. ಈಗ ಮೇಲ್ಕೇರಿಯಲ್ಲಿ ಅಂಗನವಾಡಿ ಮೊದಲು ಅನ್ನುವವರೂ ಇದ್ದಾರೆ, ಸಿಮೆಂಟ್ ರಸ್ತೆ ಮೊದಲು ಅನ್ನುವವರೂ ಇದ್ದಾರೆ. ಕೆಳಕೇರಿಯಲ್ಲೂ ಹಾಗೆಯೇ. ಜಗಳ ನಿಂತಿಲ್ಲ, ಬೀದಿ ಬದಲಿಸಿದೆ. ಊರಲ್ಲಿ ಎಂದೂ ಕಾಣದಿದ್ದ ಮೂರನೆಯ ಪಕ್ಷವೊಂದು ಹಟ್ಟಿಯ ದಾರಿಯಲ್ಲಿ ಬಾವುಟದ ಕಂಬ ನೆಟ್ಟಿದೆ. ಹಳೆಯ ಎರಡು ಪಕ್ಷದವರೂ ತಾಲ್ಲೂಕಿನಿಂದ ಬಂದು, ಮತಗಟ್ಟೆ ಏಜೆಂಟರಾಗಲು ಹಟ್ಟಿಯಲ್ಲಿ ಓದಿದವರು ಯಾರಾದರೂ ಇದ್ದಾರೆಯೇ ಎಂದು ನನ್ನನ್ನೇ ಕೇಳಿದರು. ಎರಡು ಗುಂಡಿನ ಮೇಲೆ ಮಡಿಕೆ ಕೂರುವುದಿಲ್ಲ, ಮೂರನೆಯದು ಬೇಕು ಎಂದು ನಮ್ಮಜ್ಜಿ ಒಲೆ ಹೂಡುವಾಗ ಹೇಳುತ್ತಿದ್ದಳು. ಅದು ಅಡುಗೆಯ ಮಾತು ಎಂದುಕೊಂಡಿದ್ದೆ.

ಕಳೆದ ತಿಂಗಳು ಮತ್ತೆ ಪಟ್ಟಿ ಹಿಡಿದು ಹಟ್ಟಿಗೆ ಹೋದೆ. ಸುತ್ತಲ ಹಳ್ಳಿಗಳನ್ನೂ ಸೇರಿಸಿದರೆ ಪಂಚಾಯಿತಿಯಲ್ಲಿ ಎರಡೂ ಪಾರ್ಟಿಗೆ ಸಮಸಮ ಸದಸ್ಯರು, ಮಧ್ಯದಲ್ಲಿ ಉಳಿದವಳು ಸೊಸೆಯೊಬ್ಬಳೇ. ವಾರದಲ್ಲಿ ಅಧ್ಯಕ್ಷರ ಆಯ್ಕೆ. ಹಟ್ಟಿಯಲ್ಲಿ ಹದಿನೇಳು ಬಾಗಿಲಿಗೂ ಜಾಲಿಮುಳ್ಳು. ಅಜ್ಜಿಯ ಮನೆಯ ಮುಂದಿನ ಕಲ್ಲಿನ ಒಂದು ತುದಿಯಲ್ಲಿ ಮೇಲ್ಕೇರಿಯ ಯಜಮಾನರು, ಇನ್ನೊಂದು ತುದಿಯಲ್ಲಿ ಕೆಳಕೇರಿಯ ಯಜಮಾನರು. ಇಬ್ಬರ ಮಡಿಲಲ್ಲೂ ಹೂವಿನ ಹಾರದ ಪೊಟ್ಟಣ. ಹಾರಗಳು ಬಾಡಲು ಶುರುವಾಗಿದ್ದವು.

“ಏನ್ ಟೀಚರಮ್ಮ ಇದು, ಮುಂಜಾನಿಂದ ಕುಂತೀವಿ. ಊರು ಬಿಟ್ಟು ಹೋದ್ರೋ ಏನೋ ಇವ್ರು?” ಎಂದರು ಮೇಲಿನವರು.

“ಮುಳ್ಳು ಇಕ್ಕೈತಲ್ಲ ಯಜಮಾನ್ರೇ” ಅಂದೆ. “ಬರ್ತಾರೆ. ಕುಂತ್ಕಳ್ರಿ.”

ಇಬ್ಬರೂ ಸ್ವಲ್ಪ ಸರಿದು ನನಗೂ ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟರು. ನಡುವೆ ಕೂತು ಪುಸ್ತಕ ತೆಗೆದು, ಅಜ್ಜಿಯ ಮನೆಯ ಸಂಖ್ಯೆಯ ಎದುರಿಗೆ ಬರೆದೆ: ‘ಬಾಗಿಲಿಗೆ ಮುಳ್ಳು ಹಾಕಲಾಗಿದೆ. ವಾಸವಿದ್ದಾರೆ.’